ಪದ ಹಿಡಿಯುವವಳು

ಗಡಕ್, ಗಡಕ್.

ವರ್ಷವೆಲ್ಲ ಅಟ್ಟದ ಮೇಲೆ ಬಿದ್ದು ಒಣಗಿದ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿದರೆ, ಒಳಗೆ ಚಿಪ್ಪು ಬಿಟ್ಟ ಕೊಬ್ಬರಿ ಹಾಗೆ ಸದ್ದು ಮಾಡುತ್ತದೆ. ಸದ್ದು ಬಂದರೆ ಕಾಯಿ ಒಡೆಯಬಹುದು. ಬಾರದಿದ್ದರೆ ಅದಿನ್ನೂ ಹಸಿ, ಮತ್ತೆ ಅಟ್ಟಕ್ಕೆ ಹೋಗಬೇಕು. ಭೂತಮ್ಮ ಒಂದೊಂದೇ ಕಾಯಿ ಎತ್ತಿ, ಕಿವಿಗೆ ಹಿಡಿದು ಕೇಳಿ, ಬಲಕ್ಕೋ ಎಡಕ್ಕೋ ಹಾಕುತ್ತಿದ್ದಳು. ಆದರೆ ಆ ದಿನ ಕಾಯಿಯ ಸದ್ದು ಅವಳಿಗೆ ಸರಿಯಾಗಿ ಕೇಳುತ್ತಿರಲಿಲ್ಲ. ಕಿಟಕಿಯಲ್ಲಿಟ್ಟ ಸಣ್ಣ ಸ್ಪೀಕರಿನಿಂದ ಅವಳದೇ ದನಿ ಹಾಡುತ್ತಿತ್ತು.

ಅದು ಹೊನ್ನವಳ್ಳಿಯ ಶಿವಮೂರ್ತಿಯವರ ಮನೆಯ ಅಂಗಳ. ಮಗಳು ಸೌಂದರ್ಯಳ ಮದುವೆ ಹತ್ತಿರ ಬಂದಿತ್ತು. ಸುಣ್ಣ ಬಣ್ಣ ಆಗುವುದರೊಳಗೆ ಅಟ್ಟ ಖಾಲಿಯಾಗಬೇಕೆಂದು ಊರಿನ ಹೆಂಗಸರನ್ನೆಲ್ಲ ಕೊಬ್ಬರಿ ಬಿಡಿಸಲು ಕರೆದಿದ್ದರು. ಸಣ್ಣತಿಮ್ಮಯ್ಯ ನೆಲಕ್ಕೆ ನೆಟ್ಟ ಕಬ್ಬಿಣದ ಭರ್ಜಿಗೆ ಕಾಯಿ ಚುಚ್ಚಿ ಸಿಪ್ಪೆ ಸುಲಿದು ಎಸೆಯುತ್ತಿದ್ದ. ಹೆಂಗಸರು ಸಾಲಾಗಿ ಕೂತು, ಮಚ್ಚಿನ ಹಿಂಬದಿಯಿಂದ ಚಿಪ್ಪು ತಟ್ಟಿ ಒಡೆದು ಕೊಬ್ಬರಿಯ ಗಿಟುಕನ್ನು ಇಡಿಯಾಗಿ ಹೊರಗೆ ತೆಗೆಯುತ್ತಿದ್ದರು. ಕೆಲಸ ಬೇಜಾರಾಗದಿರಲಿ ಎಂದು ಶಿವಮೂರ್ತಿಯವರ ಹೆಂಡತಿ ಮೊಬೈಲಿನಲ್ಲಿ ಮದುವೆಯ ಸೋಬಾನೆ ಪದ ಹಾಕಿದ್ದರು.

ಹತ್ತು ಗರಿ ಹೆಣೆದು ಚಪ್ಪರ ಹಾಕೀವಿ, ಮುತ್ತಿನಂಥ ಮಗಳೇ ಹಸೆಗೆ ಬಾ...

"ಲೇ ಭೂತಕ್ಕ, ಬಾಯಿ ಮುಚ್ಕಂಡಿದೀಯ, ಪದ ಮಾತ್ರ ಬತ್ತಾನೇ ಐತಲ್ಲೇ!" ಎಂದು ಸಣ್ಣತಿಮ್ಮಯ್ಯ ಕೂಗಿದ.

ಹೆಂಗಸರು ನಕ್ಕರು. ಭೂತಮ್ಮ ತಲೆ ಎತ್ತಲಿಲ್ಲ. ಪಕ್ಕದಲ್ಲಿದ್ದ ಚಿಕ್ಕಗೌರಮ್ಮನೇ ಅವಳ ಪರವಾಗಿ ಬಾಯಿ ಹಾಕಿದಳು.

"ಕಿವಿ ಕೊಟ್ಟು ಕೇಳ್ಲಾ ತಿಮ್ಮಯ್ಯ. ಮೊದ್ಲು ಬಂತಲ್ಲ, ಅದು ಇವ್ಳು. ಈಗ ಹಿಡ್ಕಂಡಳಲ್ಲ, ಅದು ನಾನು. ಪೆಟ್ಟಿಗೇಲಿ ಎಷ್ಟು ನುಣ್ಣಗೆ ಬಂದೈತೆ ನೋಡು. ನನ್ ದನಿ ನಂಗೇ ಗುರ್ತು ಸಿಕ್ಕಲ್ಲ."

"ನಿಂದೆಂಗಾದಾತು? ನಿಂದು ಕಾಗೆ ದನಿ ಅಲ್ವೇನಕ್ಕ?"

"ನಿನ್ ಮದ್ವೇಲಿ ಹಾಡಿದ್ದೂ ಇದೇ ಕಾಗೆ ಕಣ್ಲಾ. ಅವತ್ತು ನಾನು ಕಾ ಕಾ ಅಂದಿದ್ಕೇ ನಿನ್ ಹೆಂಡ್ತಿ ಇವತ್ತಿಗೂ ನಿನ್ನ ಬಿಟ್ಟು ಓಡೋಗಿಲ್ಲ."

ಅಂಗಳವೆಲ್ಲ ನಕ್ಕಿತು. ನಗುವಿನ ಕೊನೆಗೆ ಚಿಕ್ಕಗೌರಮ್ಮನಿಗೆ ಕೆಮ್ಮು ಬಂತು. ಕೊಬ್ಬರಿ ನಾರಿನ ಧೂಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ಕೆಮ್ಮುತ್ತಲೇ ಅವಳು ಕಿಟಕಿಯ ಕಡೆ ಬೆರಳು ತೋರಿಸಿದಳು. ಕೇಳು, ಈಗ ಮತ್ತೆ ನಾನು ಬತ್ತೀನಿ ಎನ್ನುವಂತೆ.

ಭೂತಮ್ಮನ ಮಚ್ಚು ಜಾರಿತು. ಗಿಟುಕಿನ ಮೈಗೆ ಏಟು ಬಿದ್ದು ಬಿಳಿಯ ಗಾಯವಾಯಿತು. ಗಾಯವಾದ ಗಿಟುಕು ಮಾರುಕಟ್ಟೆಯಲ್ಲಿ ಹೋಗುವುದಿಲ್ಲ. ಅವಳು ಅದನ್ನು ಯಾರೂ ನೋಡದಂತೆ ಚಿಪ್ಪಿನ ಗುಡ್ಡೆಯೊಳಗೆ ತುರುಕಿದಳು.

ಆ ಹಾಡಿನಲ್ಲಿ ಚಿಕ್ಕಗೌರಮ್ಮ ಎಲ್ಲೂ ಇರಲಿಲ್ಲ. ಎರಡು ದನಿಯೂ ಭೂತಮ್ಮನದೇ.

*

ಸೋಬಾನೆ ಒಬ್ಬಳು ಹಾಡುವ ಪದವಲ್ಲ. ಒಬ್ಬಳು ಎತ್ತಬೇಕು, ಒಬ್ಬಳು ಹಿಡಿಯಬೇಕು. ಎತ್ತಿದವಳ ಉಸಿರು ಮುಗಿಯುವ ಮೊದಲೇ ಹಿಡಿಯುವವಳು ಆ ಸಾಲಿನ ಬಾಲಕ್ಕೆ ಕೈ ಹಾಕಿರಬೇಕು. ನಡುವೆ ಬಿಡುವು ಬಂದರೆ ಪದ ನೆಲಕ್ಕೆ ಬಿತ್ತು ಎನ್ನುತ್ತಾರೆ. ಹಸೆಯ ಮೇಲೆ ಹೆಣ್ಣು ಕೂತಿರುವಾಗ ಪದ ನೆಲಕ್ಕೆ ಬೀಳಬಾರದು. ಒಬ್ಬಳೇ ಕೂತು ಹಾಡುವುದು ರಾಗಿ ಬೀಸುವಾಗ, ಇಲ್ಲವೇ ಸತ್ತವರನ್ನು ನೆನೆದು ಅಳುವಾಗ ಎಂದು ಭೂತಮ್ಮನ ಅತ್ತೆ ಹೇಳುತ್ತಿದ್ದಳು.

ಭೂತಮ್ಮ ಮದುವೆಯಾಗಿ ಹೊನ್ನವಳ್ಳಿಗೆ ಬಂದ ವರ್ಷವೇ ಎತ್ತುವವಳಾದಳು. ದನಿ ಹಾಗಿತ್ತು. ಬೆಳಗಿನ ಹೊತ್ತು ತೋಟದ ಆ ಕೊನೆಯಲ್ಲಿ ಹಾಡಿದರೆ ಈ ಕೊನೆಯಲ್ಲಿ ಹಸು ಕಿವಿ ನಿಮಿರಿಸುತ್ತಿತ್ತು. ಚಿಕ್ಕಗೌರಮ್ಮ ಅದೇ ಊರಿನ ಮಗಳು. ಗಂಡ ಬೇಗ ತೀರಿಕೊಂಡದ್ದರಿಂದ ತವರಿಗೆ ಹಿಂದಿರುಗಿ ತಮ್ಮನ ಮನೆಯಲ್ಲಿ ಇದ್ದಳು. ಅವಳದು ತಗ್ಗು ದನಿ, ಒರಟು. ಒಂಟಿಯಾಗಿ ಕೇಳಿದರೆ ಯಾರೂ ಹಾಡು ಎನ್ನುತ್ತಿರಲಿಲ್ಲ. ಆದರೆ ಭೂತಮ್ಮನ ದನಿ ಮೇಲೆ ಹೋಗಿ ಇನ್ನೇನು ಬೀಳುತ್ತದೆ ಎನ್ನುವಾಗ ಅದು ಕೆಳಗಿನಿಂದ ಬಂದು ಹೊತ್ತುಕೊಳ್ಳುತ್ತಿತ್ತು. ಮೂವತ್ತು ವರ್ಷದಲ್ಲಿ ಒಂದು ಸಲವೂ ಬೀಳಗೊಡಲಿಲ್ಲ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಮೂರು ಸೀಮೆಯ ಚಪ್ಪರಗಳಿಗೂ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗಿಬರುತ್ತಿದ್ದರು. ಹಾಡಿ ಮುಗಿದ ಮೇಲೆ ಮನೆಯವರು ಮಡಿಲಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ಗಿಟುಕು, ರವಿಕೆ ಕಣ ಹಾಕಿ, ವೀಳ್ಯದೊಳಗೆ ನೋಟು ಇಟ್ಟು ಕೊಡುತ್ತಿದ್ದರು. ಬಂದದ್ದನ್ನೆಲ್ಲ ಒಂದೇ ಬಟ್ಟೆಯ ಮೇಲೆ ಸುರಿದು ಪಾಲು ಮಾಡಬೇಕು. ಅದಕ್ಕೂ ಒಂದು ಕಟ್ಟು ಇತ್ತು. ಎತ್ತಿದವಳು ಪಾಲು ಮಾಡುವ ಹಾಗಿಲ್ಲ. ಹಿಡಿದವಳು ಪಾಲು ಮಾಡಬೇಕು, ಎತ್ತಿದವಳು ಆರಿಸಿಕೊಳ್ಳಬೇಕು. ಚಿಕ್ಕಗೌರಮ್ಮ ಎರಡು ಅಂಗೈಯನ್ನೂ ತಕ್ಕಡಿ ಮಾಡಿಕೊಂಡು ಅಕ್ಕಿ ಹಂಚುವಾಗ ಭೂತಮ್ಮ ಕಣ್ಣು ಮುಚ್ಚಿ ಕೈಗೆ ಸಿಕ್ಕ ಪಾಲು ಎಳೆದುಕೊಳ್ಳುತ್ತಿದ್ದಳು.

ಭೂತಮ್ಮನಿಗೆ ಅದು ಮೇಲುಸಂಪಾದನೆ. ಗಂಡ ಕೆಂಪಯ್ಯನಿಗೆ ಸಣ್ಣ ತೋಟವಿತ್ತು, ಹಸುವಿತ್ತು, ಮಗ ಸೊಸೆ ಜೊತೆಗಿದ್ದರು. ಚಿಕ್ಕಗೌರಮ್ಮನಿಗೆ ಅದೇ ನೆಲೆ. ಮದುವೆಯ ಕಾಲ ಮುಗಿಯುವಷ್ಟರಲ್ಲಿ ತಮ್ಮನ ಮನೆಯ ಅಕ್ಕಿ ಡಬ್ಬಿ ಅವಳ ಮಡಿಲಿನಿಂದ ತುಂಬಿರುತ್ತಿತ್ತು. ಹಾಗೆ ತುಂಬಿಸಿದವಳಿಗೆ ನಾದಿನಿಯ ಮುಂದೆ ತಟ್ಟೆ ಚಾಚಲು ಸಂಕೋಚವಿರುತ್ತಿರಲಿಲ್ಲ.

*

ತಿಪಟೂರಿನ ಯೋಗೀಶ್ ಮದುವೆಗಳಿಗೆ ಮೈಕ್ ಸೆಟ್ ಹಾಕುತ್ತಿದ್ದವನು, ಅಂಗಡಿಯ ಮಹಡಿಯ ಮೇಲೆ ಸ್ಟುಡಿಯೋ ಮಾಡಿದ್ದ. ಒಳ್ಳೆಯ ಹುಡುಗ. ಎರಡು ವರ್ಷದ ಹಿಂದೆ ಅವನೇ ಊರಿಗೆ ಬಂದು ಕೇಳಿದ.

"ನಿಮ್ ಪದ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕ್ತೀನಿ ಅವ್ವಾ. ಹಾಡೋ ಆ್ಯಪ್ ಎಲ್ಲದ್ರಲ್ಲೂ ಬರ್ತದೆ. ಊರೂರಿನೋರು ಕೇಳ್ತಾರೆ. ಕೇಳ್ದೋರು ಸುಮ್ನಿರ್ತಾರಾ? ಹಾಡೋರು ಯಾರು, ಕರೀರಿ ಅಂತಾರೆ. ಆಮೇಲೆ ನಿಮ್ಗೆ ಬಸ್ಸು ಹತ್ತಿ ಇಳಿಯಕ್ಕೂ ಪುರುಸೊತ್ತಿರಲ್ಲ ನೋಡ್ತಿರಿ."

ಇಬ್ಬರೂ ಹೋದರು. ಗೋಡೆಗೆಲ್ಲ ಹಾಸಿಗೆಯಂಥದ್ದು ಮೆತ್ತಿದ ಸಣ್ಣ ಕೋಣೆ, ಫ್ಯಾನಿಲ್ಲ. ಮಧ್ಯಾಹ್ನದವರೆಗೆ ಹಾಡಿದರು. ನಡುನಡುವೆ ಚಿಕ್ಕಗೌರಮ್ಮನಿಗೆ ಕೆಮ್ಮು ಬಂತು. ಯೋಗೀಶ್ ನೀರು ಕೊಟ್ಟ, ಮತ್ತೆ ಹಾಡಿಸಿದ, ಚೆನ್ನಾಗಿ ಬಂತು ಅಂದ. ಕೊಟ್ಟ ದುಡ್ಡನ್ನು ಚಿಕ್ಕಗೌರಮ್ಮ ಬಸ್ ಸ್ಟ್ಯಾಂಡಿನಲ್ಲೇ ಪಾಲು ಮಾಡಿದಳು.

ವಾರದ ಮೇಲೆ ಭೂತಮ್ಮನ ಸೊಸೆ ನಯನಳ ಫೋನಿಗೆ ಯೋಗೀಶ್ ಕರೆ ಮಾಡಿದ. ಭೂತಮ್ಮನನ್ನೇ ಕೇಳಿ ಮಾತಾಡಿದ.

"ಅವ್ವಾ, ಆ ಇನ್ನೊಬ್ರ ದನಿ ಮೈಕಿಗೆ ಹೊಂದ್ತಿಲ್ಲ. ಒಡಕು ಜಾಸ್ತಿ ಕೇಳ್ತದೆ. ನೀವೊಬ್ರೇ ಬಂದುಬುಡಿ. ಅವ್ರ ಸಾಲೂ ನೀವೇ ಹೇಳಿ, ನಾನು ಜೋಡಿಸ್ಕತೀನಿ."

"ಅದೆಂಗಾಯ್ತದಪ್ಪ? ನನ್ ಪದ ನಾನೇ ಹಿಡಿಯಾದಾ?"

"ಕಂಪ್ಯೂಟರಲ್ಲಿ ಆಯ್ತದೆ. ಬ್ಯಾಡ ಅಂದ್ರೆ ಹೇಳಿ. ಚಿಕ್ಕನಾಯಕನಹಳ್ಳೀಲಿ ಇನ್ನೊಂದು ಜೋಡಿ ಐತೆ, ಅವ್ರನ್ನ ಕರುಸ್ತೀನಿ. ನಿಮ್ ದನಿ ವೇಸ್ಟ್ ಆಗ್ತದಲ್ಲಾ ಅಂತ ಹೇಳ್ದೆ ಅಷ್ಟೇ."

ಬೇಡವೆನ್ನುವ ಮಾತು ಭೂತಮ್ಮನ ನಾಲಗೆಯವರೆಗೂ ಬಂದಿತ್ತು. ಅದು ಏಕೆ ಹೊರಗೆ ಬರಲಿಲ್ಲ ಎಂದು ಅವಳು ಆಮೇಲೆ ಎಷ್ಟೋ ಸಲ ತನ್ನನ್ನು ಕೇಳಿಕೊಂಡಿದ್ದಾಳೆ.

ಮಾರನೆಯ ದಿನ ಕಣ್ಣು ತೋರಿಸಿಕೊಂಡು ಬರುತ್ತೇನೆಂದು ಚಿಕ್ಕಗೌರಮ್ಮನಿಗೆ ಹೇಳಿ ತಿಪಟೂರಿನ ಬಸ್ಸು ಹತ್ತಿದಳು. ಅಂದು ಬೆಳಿಗ್ಗೆಯೇ ನಯನ ತವರಿಗೆ ಹೋಗಿದ್ದಳು. "ಹೋಗ್ ಬಾ, ಹಸ ನಾನು ಕರೀತೀನಿ. ಕೆಂಪಣ್ಣಂಗೆ ಮುದ್ದೆ ತೊಳಸಿಕ್ತೀನಿ ಬುಡು," ಎಂದು ಚಿಕ್ಕಗೌರಮ್ಮ ಬಾಗಿಲಲ್ಲಿ ನಿಂತು ಕಳಿಸಿದಳು.

ಹೆಡ್‌ಫೋನಿನಲ್ಲಿ ಭೂತಮ್ಮನಿಗೆ ತನ್ನದೇ ದನಿ ಕೇಳಿತು. ಅದರ ಹಿಂದೆ ತಾನೇ ಹಾಡಬೇಕು. ಮೊದಮೊದಲು ಆಗಲಿಲ್ಲ. ಆಮೇಲೆ ಯಾವಾಗಲೋ ಬಂತು. ಯೋಗೀಶ್ ಎರಡನ್ನೂ ಸೇರಿಸಿ ಕೇಳಿಸಿದ. ನುಣುಪು, ತಂಪು, ಎಲ್ಲೂ ಒರಟಿಲ್ಲ. ಅದು ಅವಳಿಗೆ ಇಷ್ಟವಾಯಿತು. ದುಡ್ಡು ತೆಗೆದುಕೊಂಡದ್ದಕ್ಕಿಂತ, ಸುಳ್ಳು ಹೇಳಿ ಬಂದದ್ದಕ್ಕಿಂತ, ಆ ಕೋಣೆಯಲ್ಲಿ ಕೂತು ತನ್ನ ಎರಡು ದನಿಯನ್ನು ಕೇಳಿ ಹಿಗ್ಗಿದ್ದೇ ಅವಳಿಗೆ ಆಮೇಲೆ ಹೆಚ್ಚು ನಾಚಿಕೆ ತಂದದ್ದು.

ಆ ದುಡ್ಡಿಗೆ ಕುಕ್ಕರು ತಂದಳು. ಅದು ಸೀಟಿ ಹಾಕಿದಾಗಲೆಲ್ಲ ಒಳಗೊಳಗೇ ಕುಗ್ಗುತ್ತಿದ್ದಳು. ಒಮ್ಮೆ ಚಿಕ್ಕಗೌರಮ್ಮನೇ ಆ ಕುಕ್ಕರಿನ ಅನ್ನ ಉಂಡು, "ಬೇಗ ಬೇಯ್ತದೆ ಕಣೇ, ಒಳ್ಳೇದಾಯ್ತು ತಗಂಡಿದ್ದು," ಅಂದಳು.

*

ಯೋಗೀಶ್ ಹೇಳಿದ ಒಂದು ಮಾತು ನಿಜವಾಯಿತು. ಪದ ಊರೂರಿಗೆ ಹೋಯಿತು. ಲಕ್ಷಗಟ್ಟಲೆ ಜನ ಕೇಳಿದ್ದಾರೆಂದು ನಯನ ಫೋನು ತೋರಿಸಿದಳು. ಆಟೋದಲ್ಲಿ, ಬಟ್ಟೆ ಅಂಗಡಿಯಲ್ಲಿ, ನೊಣವಿನಕೆರೆಯ ಬಸ್ಸಿನಲ್ಲಿ ಭೂತಮ್ಮ ತನ್ನ ಪದ ತಾನೇ ಕೇಳಿದಳು. ಆದರೆ ಕರೆಯುವವರು ಒಬ್ಬೊಬ್ಬರಾಗಿ ನಿಂತುಹೋದರು. ಪದವೇ ಚಪ್ಪರಕ್ಕೆ ಬರುವಾಗ ಹಾಡುವವರು ಏಕೆ? ಬಸ್ ಚಾರ್ಜು ಕೊಡುವ ಹಾಗಿಲ್ಲ, ಕೂರಿಸಿ ಉಣ್ಣಿಸುವ ಹಾಗಿಲ್ಲ, ಒಂದು ಸಲ ಬೆರಳು ಒತ್ತಿದರೆ ಸಾಕು.

ಮೊದಲು ಅದು ತಿಳಿದದ್ದು ಚಿಕ್ಕನಾಯಕನಹಳ್ಳಿಯ ಒಂದು ಮದುವೆಯಲ್ಲಿ. ಪರಿಚಯದ ಮನೆ, ಲಗ್ನಪತ್ರಿಕೆ ಬಂದಿತ್ತು. ಎಂದಿನಂತೆ ಹಾಡಲು ಕರೆದಿದ್ದಾರೆಂದೇ ಇಬ್ಬರೂ ಹೋದರು. ಹಸೆಯ ಹತ್ತಿರ ಚಾಪೆಯ ಮೇಲೆ ಕೂತು ಭೂತಮ್ಮ ಗಂಟಲು ಸರಿ ಮಾಡಿಕೊಂಡಳು. ಅಷ್ಟರಲ್ಲಿ ಕಂಬದ ಮೇಲಿನ ಸ್ಪೀಕರಿನಿಂದ ಪದ ಶುರುವಾಯಿತು. ಹೆಣ್ಣಿನ ಸೋದರತ್ತೆ ಬಗ್ಗಿ ಅಂದಳು, "ಸುಮ್ಕಿರ್ರಮ್ಮ, ಪದ ಹಾಕವ್ರೆ." ಹಾಡುತ್ತಿರುವವರು ಇವರೇ ಎಂದು ಅವಳಿಗೆ ಗೊತ್ತಿರಲಿಲ್ಲ. ಇವರೂ ಹೇಳಲಿಲ್ಲ.

ಊಟವಾದ ಮೇಲೆ ಚಿಕ್ಕಗೌರಮ್ಮ ಅಭ್ಯಾಸದಂತೆ ಬಾಗಿಲ ಹತ್ತಿರ ನಿಂತು ಸೆರಗು ಬಿಚ್ಚಿ ಮಡಿಲು ಹಿಡಿದಳು. ಎಲ್ಲರಿಗೂ ಕೊಟ್ಟಂತೆ ಅವಳಿಗೂ ಒಂದು ತೆಂಗಿನಕಾಯಿ, ಎಲೆ ಅಡಿಕೆ ಕವರು ಕೊಟ್ಟರು. ಅವಳು ಇನ್ನೂ ಒಂದು ಗಳಿಗೆ ಹಾಗೇ ನಿಂತಿದ್ದು, ಆಮೇಲೆ ಸೆರಗನ್ನು ನಿಧಾನವಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬಸ್ಸಿನಲ್ಲಿ, "ನಮ್ ಪದಾನೇ ನಮ್ ಬಾಯಿಗೆ ಮಣ್ಣಾಕ್ತಲ್ಲೇ," ಎಂದು ನಕ್ಕಳು. ನಮ್ಮ ಪದ ಎಂದಳು. ಭೂತಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದಳು. ಹೇಳಿಬಿಡಬೇಕೆಂದು ಅಂದುಕೊಂಡಳು. ಹೊನ್ನವಳ್ಳಿ ಬಂತು, ಇಳಿದರು.

ಆ ವರ್ಷದಿಂದ ಚಿಕ್ಕಗೌರಮ್ಮ ಕೊಬ್ಬರಿ ಬಿಡಿಸುವ ಕೂಲಿಗೆ ದಿನವೂ ಹೋಗತೊಡಗಿದಳು. ಧೂಳಿಗೆ ಕೆಮ್ಮು ಹೆಚ್ಚಾಯಿತು. ಭೂತಮ್ಮನೂ ಅವಳ ಜೊತೆ ಹೋಗುತ್ತಿದ್ದಳು. ನಿನಗೇನು ಕೊರತೆ ಎಂದು ಕೆಂಪಯ್ಯ ಬೈದರೂ ಕೇಳಲಿಲ್ಲ. ಪಕ್ಕದಲ್ಲಿ ಕೂತು, ಅವಳಿಗೆ ಧೂಳು ಕಡಿಮೆ ಇರುವ ಕಾಯಿ ಆರಿಸಿ ಕೊಡುತ್ತಿದ್ದಳು. ಅದಕ್ಕಿಂತ ಹೆಚ್ಚಿನದೇನನ್ನೂ ಮಾಡುವ ಧೈರ್ಯ ಅವಳಿಗೆ ಬರಲಿಲ್ಲ.

*

ಆ ದಿನ ಶಿವಮೂರ್ತಿಯವರ ಅಂಗಳದಲ್ಲಿ ಪದ ಇನ್ನೂ ನಡೆಯುತ್ತಿರುವಾಗಲೇ ಯೋಗೀಶನ ಬೈಕು ಬಂದು ನಿಂತಿತು. ಮದುವೆಯ ಮೈಕ್ ಸೆಟ್ ಅವನದೇ. ಸೌಂದರ್ಯ ಒಳಗಿನಿಂದ ಓಡಿಬಂದಳು.

"ಅಣ್ಣಾ, ಹಾಡು ಬರೀ ಸ್ಪೀಕರಲ್ಲಿ ಬ್ಯಾಡ. ಹಾಡ್ದೋರು ನಮ್ಮೂರೋರೇ ಅಲ್ವಾ! ಅಜ್ಜೀರಿಬ್ರೂ ನನ್ ಪಕ್ಕ ಕೂತು ಹಾಡ್ಬೇಕು. ವಿಡಿಯೋ ಚೆನ್ನಾಗಿ ಬರ್ತದೆ."

ಚಿಕ್ಕಗೌರಮ್ಮ ಮಚ್ಚು ಕೆಳಗಿಟ್ಟಳು. ಅವಳ ಮುಖ ಹಾಗೆ ಅರಳಿದ್ದನ್ನು ಭೂತಮ್ಮ ಎಷ್ಟೋ ದಿನದಿಂದ ನೋಡಿರಲಿಲ್ಲ.

"ಹಾಡ್ದೆ ಇರ್ತೀವೇನವ್ವಾ? ನಿಮ್ಮವ್ವನ್ನ ಹಸೆಗೆ ಕೂರ್ಸಿದ್ದೂ ನಾವೇ. ಮಡಿಲಕ್ಕಿ ಮಾತ್ರ ಗಟ್ಟಿಯಾಗಿ ಹಾಕ್ಸು ಕಣಮ್ಮಾ, ನಿಮ್ಮಪ್ಪ ಸ್ವಲ್ಪ ಜುಗ್ಗ."

ಶಿವಮೂರ್ತಿ ಜಗಲಿಯಿಂದಲೇ ನಕ್ಕರು. "ಹಾಕ್ಸಣ ಬುಡು ಗೌರಕ್ಕ. ಜುಗ್ಗ ಅಂದಿದ್ಕೆ ಒಂದು ಸೇರು ಜಾಸ್ತಿ."

ಹೊರಡುವಾಗ ಯೋಗೀಶ್ ಭೂತಮ್ಮನನ್ನು ಹುಣಸೆಮರದ ಹತ್ತಿರ ಕರೆದ. ದನಿ ತಗ್ಗಿಸಿದ.

"ಅವ್ವಾ, ಮೈಕು ಎರಡು ಇಡ್ತೀನಿ. ಆನ್ ಮಾಡಲ್ಲ. ರೆಕಾರ್ಡೇ ಓಡುಸ್ತೀನಿ. ನೀವು ಸುಮ್ನೆ ತುಟಿ ಆಡ್ಸಿ. ಅವ್ರ ಕೆಮ್ಮು ವಿಡಿಯೋಲಿ ಬಂದ್ರೆ ಮನೆಯೋರು ನನ್ನ ಬೈತಾರೆ. ಅವ್ರಿಗೇನೂ ಹೇಳಕ್ಕೋಗ್ಬ್ಯಾಡಿ, ಅವ್ರ ಪಾಡಿಗೆ ಅವ್ರು ಹಾಡ್ಕಳ್ಳಿ."

"ಲಕ್ಷ ಜನ ಕೇಳವ್ರಂತಲ್ಲಪ್ಪ," ಎಂದಳು ಭೂತಮ್ಮ. ಬೇರೆ ಏನೋ ಹೇಳಬೇಕೆಂದು ಬಾಯಿ ತೆರೆದಾಗ ಅದು ಬಂತು.

ಯೋಗೀಶ್ ಹೆಲ್ಮೆಟ್ಟಿನ ಧೂಳು ಒರೆಸಿದ. "ಕೇಳ್ತಾರೆ ಅವ್ವಾ, ಕೇಳಕ್ಕೇನು. ಕೇಳಿದ್ದಕ್ಕೆ ಬರೋದು ನನ್ ಕರೆಂಟ್ ಬಿಲ್ಲಿಗೂ ಸಾಲಲ್ಲ. ಪ್ರೋಗ್ರಾಂ ಬತ್ತವೆ, ಅದ್ರಲ್ಲಿ ದುಡೀಬಹುದು ಅಂದ್ಕಂಡಿದ್ದೆ ನಾನೂ. ಈಗ ನನ್ ಮೈಕ್ ಸೆಟ್ಟನ್ನೂ ಕೇಳಲ್ಲ, ಮನೆಯೋರೇ ಬ್ಲೂಟೂತ್ ತಂದು ಹಾಕ್ಕತಾರೆ. ಇದೊಂದು ಮದ್ವೆ ಸಿಕ್ಕೈತೆ. ಕೆಡುಸ್ಬ್ಯಾಡಿ."

ಭೂತಮ್ಮ ತಲೆಯಾಡಿಸಿದಳು. ಒಪ್ಪಿದ್ದು ಎರಡನೆಯ ಸಲ.

*

ಮದುವೆಯವರೆಗಿನ ದಿನಗಳಲ್ಲಿ ಚಿಕ್ಕಗೌರಮ್ಮ ಕೂಲಿಗೆ ಬರಲಿಲ್ಲ. ಗಂಟಲಿಗೆ ಧೂಳು ತಾಗಬಾರದೆಂದು ಮನೆಯಲ್ಲೇ ಇದ್ದು ಮೆಣಸು ಬೆಲ್ಲದ ಕಷಾಯ ಕುಡಿದಳು. ಸಂಜೆ ಹೊತ್ತು ಹಿತ್ತಲಲ್ಲಿ ನಿಂತು ತಗ್ಗಿದ ದನಿಯಲ್ಲಿ ಸಾಲು ಸಾಲೇ ಹೇಳಿಕೊಳ್ಳುವುದು ಬೇಲಿಯ ಈಚೆ ಭೂತಮ್ಮನಿಗೆ ಕೇಳುತ್ತಿತ್ತು. ಒಂದು ಸಂಜೆ ಬೇಲಿಯವರೆಗೂ ಹೋದಳು. "ಗೌರಾ," ಅಂದಳು. "ಏನೇ?" ಎಂದು ಆಕೆ ಕೇಳಿದ್ದಕ್ಕೆ, "ಕಷಾಯಕ್ಕೆ ಶುಂಠಿ ಬೇಕೇನು?" ಅಂದಳು.

ಚಪ್ಪರದ ದಿನ ಚಿಕ್ಕಗೌರಮ್ಮ ಎಣ್ಣೆ ಹಚ್ಚಿ ತಲೆ ಬಾಚಿ, ಹಳೆಯ ನೇರಳೆ ಸೀರೆಯನ್ನು ಮಡಿಕೆ ಬಿಡಿಸಿ ಉಟ್ಟು ಬಂದಳು. ಹಸೆಯ ಪಕ್ಕದಲ್ಲಿ ಎರಡು ಕುರ್ಚಿ, ಮುಂದೆ ಸೇವಂತಿಗೆ ಸುತ್ತಿದ ಎರಡು ಮೈಕು. ಸೌಂದರ್ಯ ಅರಿಶಿನದ ಸೀರೆಯಲ್ಲಿ ಬಂದು ಕೂತಳು. ಸುತ್ತಲೂ ಫೋನುಗಳು ಮೇಲೆದ್ದವು. ಮೂಲೆಯಿಂದ ಯೋಗೀಶ್ ಕೈ ಎತ್ತಿದ.

ಹತ್ತು ಗರಿ ಹೆಣೆದು ಚಪ್ಪರ ಹಾಕೀವಿ...

ಭೂತಮ್ಮ ತುಟಿ ಆಡಿಸಿದಳು. ಚಿಕ್ಕಗೌರಮ್ಮ ಹಾಡಿದಳು. ಕಷಾಯವೋ ಸಂತೋಷವೋ, ಗಂಟಲು ಬಿಟ್ಟುಕೊಂಡಿತ್ತು. ಅದೇ ತಗ್ಗು ದನಿ, ಅದೇ ಒರಟು, ಕೆಳಗಿನಿಂದ ಬಂದು ಹೊತ್ತುಕೊಳ್ಳುವ ಅದೇ ರೀತಿ. ಅಷ್ಟು ಚೆನ್ನಾಗಿ ಅವಳು ಹಾಡಿ ವರ್ಷಗಳಾಗಿದ್ದವು. ಆ ತುಂಬಿದ ಚಪ್ಪರದಲ್ಲಿ ಅದು ಕೇಳುತ್ತಿದ್ದದ್ದು ಭೂತಮ್ಮನ ಎಡಗಿವಿಯೊಂದಕ್ಕೆ ಮಾತ್ರ.

ಎರಡನೆಯ ಸಾಲಿಗೆ ಚಿಕ್ಕಗೌರಮ್ಮ ತಲೆ ಓರೆ ಮಾಡಿದಳು. ಅವಳು ಸಾಲಿನ ಬಾಲಕ್ಕೆ ಕೈ ಹಾಕಿದ ಮೇಲೆ, ಅರ್ಧ ಉಸಿರು ತಡವಾಗಿ ಸ್ಪೀಕರು ಹಿಡಿಯುತ್ತಿತ್ತು. ನಡುವೆ ಸಣ್ಣದೊಂದು ಬಿಡುವು. ಕೊಬ್ಬರಿ ಅಂಗಳದ ಗಲಾಟೆಯಲ್ಲಿ, ಬಸ್ಸಿನ ಸದ್ದಿನಲ್ಲಿ ಅದು ಯಾರಿಗೂ ಕೇಳಿಸುವಂಥದ್ದಲ್ಲ. ಜೊತೆಯಲ್ಲಿ ಹಾಡಿದವಳಿಗೆ ಕೇಳಿಸಿತು. ಮೂರನೆಯ ಸಾಲಿಗೂ ಕೇಳಿಸಿತು. ಪದ ನೆಲಕ್ಕೆ ಬೀಳುತ್ತಿತ್ತು. ಹಿಡಿಯುವವಳಿಲ್ಲದ ಹಾಗೆ.

ನಾಲ್ಕನೆಯ ಸಾಲು ಬಂದಾಗ ಚಿಕ್ಕಗೌರಮ್ಮ ಹಾಡಲಿಲ್ಲ. ಬಾಯಿ ಮುಚ್ಚಿ ಕಾದಳು. ಸ್ಪೀಕರು ಅವಳ ಸಾಲನ್ನು ಹಾಡಿತು. ಪೂರ್ತಿ ಹಾಡಿತು. ಅವಳು ನಿಧಾನವಾಗಿ ಭೂತಮ್ಮನ ಕಡೆ ತಿರುಗಿದಳು.

ಭೂತಮ್ಮನ ತುಟಿಗಳು ಆಡುತ್ತಲೇ ಇದ್ದವು. ನಿಲ್ಲಿಸಬೇಕೆಂದು ಗೊತ್ತಿತ್ತು. ಎದುರಿಗೆ ಫೋನುಗಳಿದ್ದವು. ಮೊದಲ ದನಿಗೆ ಆಡಿದ ತುಟಿ ಮೈಮರೆತು ಎರಡನೆಯ ದನಿಗೂ ಆಡಿತು. ಅವಳಿಗೇ ತಿಳಿಯುವಷ್ಟರಲ್ಲಿ ಚಿಕ್ಕಗೌರಮ್ಮ ಅದನ್ನು ನೋಡಿಯಾಗಿತ್ತು.

ಹಿಂದಿನ ಸಾಲಿನಿಂದ ಸಣ್ಣತಿಮ್ಮಯ್ಯನ ದನಿ ಬಂತು. "ಏ, ಗೌರಕ್ಕನ ಬಾಯಿ ಮುಚ್ಚೈತೆ, ಪದ ಬತ್ತಾ..." ಅರ್ಧಕ್ಕೇ ನಿಂತಿತು. ಕೆಲವರು ನಕ್ಕರು. ಸೌಂದರ್ಯ ಏನಾಯಿತೆಂದು ತಲೆ ಎತ್ತಿದಳು.

ಚಿಕ್ಕಗೌರಮ್ಮ ಹಸೆಯ ಮೇಲಿನ ಹುಡುಗಿಯನ್ನು ನೋಡಿದಳು. ಸೆರಗು ಬಾಯಿಗೆ ಹಿಡಿದು, ಕೆಮ್ಮು ಬಂದಿತ್ತೆಂಬಂತೆ ಎರಡು ಸಲ ಕೆಮ್ಮಿದಳು. ಆಮೇಲೆ ಸೆರಗು ತೆಗೆದು, ಸ್ಪೀಕರಿಗೆ ಸರಿಯಾಗಿ ಅರ್ಧ ಉಸಿರು ತಡಮಾಡಿ, ತುಟಿ ಆಡಿಸತೊಡಗಿದಳು. ಅದರಿಂದಾಚೆಗೆ ಭೂತಮ್ಮನ ಎಡಗಿವಿಗೆ ಏನೂ ಕೇಳಲಿಲ್ಲ.

*

ಶಿವಮೂರ್ತಿ ಮಾತಿಗೆ ತಪ್ಪಲಿಲ್ಲ. ಮಡಿಲಕ್ಕಿ ಗಟ್ಟಿಯಾಗಿಯೇ ಬಂತು. ಇಬ್ಬರೂ ಅಡಿಗೆಮನೆಯ ಹಿಂದೆ, ಕರಟದ ಗುಡ್ಡೆಯ ಪಕ್ಕ ಹೋಗಿ ಕೂತರು. ಚಿಕ್ಕಗೌರಮ್ಮ ಟವೆಲು ಹಾಸಿದಳು. ಇಬ್ಬರೂ ಮಡಿಲು ಸುರಿದರು. ಅಕ್ಕಿ, ಬೆಲ್ಲ, ಎರಡು ಜೊತೆ ಗಿಟುಕು, ರವಿಕೆ ಕಣ.

"ಸಣ್ಣಕ್ಕಿ ಹಾಕವ್ರೆ ಕಣೇ," ಎಂದಳು ಚಿಕ್ಕಗೌರಮ್ಮ. "ಜುಗ್ಗ ಅಂದಿದ್ದು ಕೆಲ್ಸ ಮಾಡ್ತು."

ಅವಳ ದನಿಯಲ್ಲಿ ಏನೂ ಇರಲಿಲ್ಲ. ಎರಡು ಅಂಗೈಯಲ್ಲಿ ಅಕ್ಕಿ ಮೊಗೆದು ಆಚೆಗೊಂದು ಈಚೆಗೊಂದು ಹಾಕತೊಡಗಿದಳು. ಭೂತಮ್ಮ ಆ ಕೈಗಳನ್ನೇ ನೋಡುತ್ತಿದ್ದಳು. ಚಿಪ್ಪಿನ ಗೀರುಗಳು ಬಿದ್ದ ಕೈಗಳು. ಹೇಳುವುದಾದರೆ ಈಗಲೇ ಹೇಳಬೇಕು ಎಂದುಕೊಂಡಳು. ಬೆಳಿಗ್ಗೆಯಿಂದ ಅವಳು ಒಂದು ಸಾಲೂ ಹಾಡಿರಲಿಲ್ಲ.

ಎರಡು ಗುಡ್ಡೆ ಸಮವಾದವು. ಗಿಟುಕು ಒಂದೊಂದು ಜೊತೆ, ಬೆಲ್ಲ ಒಂದೊಂದು ಅಚ್ಚು. ಚಿಕ್ಕಗೌರಮ್ಮ ಒಂದು ಗುಡ್ಡೆಯನ್ನು ಭೂತಮ್ಮನ ಕಡೆ ತಳ್ಳಿದಳು. ಆಮೇಲೆ ಇನ್ನೊಂದನ್ನೂ ತಳ್ಳಿದಳು.

"ಇದೇನೇ?"

"ಆರಿಸ್ಕಣಾದು ಏನೈತೆ? ಎತ್ತಿದೋಳೂ ನೀನೇ, ಹಿಡಿದೋಳೂ ನೀನೇ. ಎರಡು ಪಾಲೂ ನಿಂದೇ ಕಣೇ."

ಒಳಗೆ ಯಾರೋ ಪಾತ್ರೆ ಎಳೆದರು. ಭೂತಮ್ಮ ಎರಡು ಗುಡ್ಡೆಯ ನಡುವೆ ಕೈ ಇಟ್ಟಳು. ಇಟ್ಟ ಕೈಯನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ.

"ಗೌರಾ, ನಾನು..."

"ನಾನೂ ಅದೇ ಅಂದ್ಕಳ್ತಿದ್ದೆ, ನನ್ ದನಿ ಪೆಟ್ಟಿಗೇಲಿ ಎಷ್ಟು ನುಣ್ಣಗೆ ಬಂದೈತೆ ಅಂತ. ಊರೋರಿಗೆಲ್ಲ ಹೇಳ್ಕಂಡು ತಿರುಗ್ದೆ." ಚಿಕ್ಕಗೌರಮ್ಮ ಟವೆಲಿನ ಮೇಲೆ ಚೆಲ್ಲಿದ ಅಕ್ಕಿಯನ್ನು ಒಂದೊಂದಾಗಿ ಆರಿಸಿ ಗುಡ್ಡೆಗೆ ಹಾಕುತ್ತಿದ್ದಳು. "ನಗ್ತಿದ್ಯೇನೇ ನೀನು ಮನಸ್ನಾಗೆ?"

"ಇಲ್ಲ ಕಣೇ. ನಿನ್ನಾಣೆ ಇಲ್ಲ."

"ಬುಡು, ಆಣೆ ಯಾಕೆ." ಅವಳು ಮೊದಲ ಸಲ ತಲೆ ಎತ್ತಿದಳು. ಕೋಪವಿರಲಿಲ್ಲ. ಪಕ್ಕದ ಮನೆಯವರ ಯೋಗಕ್ಷೇಮ ಕೇಳುವವರ ಮುಖ. "ಅವತ್ತು ಕಣ್ಣು ತೋರ್ಸ್ತೀನಿ ಅಂತ ಹೋದ್ಯಲ್ಲ. ನಾನು ಕೇಳ್ಲೇ ಇಲ್ಲ ನೋಡು ಆಮೇಲೆ. ಡಾಕ್ಟ್ರು ಏನಂದ್ರು?"

ಭೂತಮ್ಮ ಗುಡ್ಡೆಗಳ ನಡುವೆ ಇಟ್ಟಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

"ಅವತ್ತು ನಿಮ್ಮ ಹಸ ನನ್ನ ಒದ್ದುಬುಡ್ತು ಗೊತ್ತಾ. ಈ ಮೊಣಕಾಲಿಗೇ. ಪಾಪ, ಕಣ್ಣಿನ ಚಿಂತೇಲಿ ಬತ್ತಾಳೆ, ಇದೊಂದು ಯಾಕೆ ಅಂತ ನಾನೂ ಹೇಳ್ಲಿಲ್ಲ. ಕೆಂಪಣ್ಣ ಮುದ್ದೆ ಗಟ್ಟಿಯಾತು ಅಂದ್ರು, ಇನ್ನೊಂದು ತೊಳಸಿಕ್ಕಿದ್ನಾ..."

ಭೂತಮ್ಮ ಎದ್ದಳು. ಅಕ್ಕಿಯನ್ನು ಮುಟ್ಟಲಿಲ್ಲ, ಯಾವ ಪಾಲನ್ನೂ ಮುಟ್ಟಲಿಲ್ಲ. ಕರಟದ ಗುಡ್ಡೆ ದಾಟಿ, ಅಡಿಗೆಮನೆಯ ಹೊಗೆ ದಾಟಿ ನಡೆದಳು. ಚಪ್ಪರದಲ್ಲಿ ಯಾರೋ ಮತ್ತೆ ಪದ ಹಾಕಿದ್ದರು. ಅವಳು ಅದರ ಕೆಳಗೇ ತಲೆ ತಗ್ಗಿಸಿ ಹಾದುಹೋದಳು. "ಅಜ್ಜೀ, ಫೋಟೋಕ್ಕೆ ಬಾ!" ಎಂದು ಸೌಂದರ್ಯ ಕೂಗಿದ್ದಕ್ಕೂ ನಿಲ್ಲಲಿಲ್ಲ.

ಹಿಂದಿನಿಂದ ಚಿಕ್ಕಗೌರಮ್ಮನ ಮಾತು ಇನ್ನೂ ಬರುತ್ತಿತ್ತು, ಎದುರಿಗೆ ಯಾರೋ ಕೂತು ಕೇಳುತ್ತಿದ್ದಾರೆನ್ನುವ ಹಾಗೆ.

"...ಹಾಲು ಒಂದು ತೊಟ್ಟೂ ಚೆಲ್ಲಲಿಲ್ಲ ಕಣೇ, ಒದ್ರೂ ಚೊಂಬು ಬಿಡ್ಲಿಲ್ಲ ನಾನು..."